ಕೈಯಿಂದ ಕಾಲಡಿಗೆ ಜಾರಿದ ಸರಪಳಿ

ಫ್ರಾನ್ಸ್‌ನ ಪೂರ್ವ ಗಡಿಯ ಬಳಿ ಇರುವ ಕೊಲ್ಮಾರ್ ಪಟ್ಟಣದ ವಸ್ತುಸಂಗ್ರಹಾಲಯವೊಂದರಲ್ಲಿ 1869ರ ಒಂದು ಜಲವರ್ಣ ಚಿತ್ರವಿದೆ. ಎತ್ತರವಾದ ಪೀಠ. ಅದರ ಮೇಲೆ ನೀಳ ಉಡುಪು ತೊಟ್ಟ ಹೆಂಗಸು. ಒಂದು ಕೈಯನ್ನು ಮೇಲೆತ್ತಿ ಬೆಳಕು ಹಿಡಿದಿದ್ದಾಳೆ. ಯಾರಿಗೆ ತೋರಿಸಿದರೂ ಥಟ್ಟನೆ ಬರುವ ಉತ್ತರ ಒಂದೇ: ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯ ದೇವತೆ.

ಆ ಉತ್ತರ ತಪ್ಪು. ಚಿತ್ರದ ಹೆಂಗಸಿನ ತಲೆಯ ಮೇಲೆ ಏಳು ಕಿರಣಗಳ ಮುಕುಟವಿಲ್ಲ, ಮುಸುಕಿದೆ. ಅವಳು ಈಜಿಪ್ಟಿನ ರೈತ ಹೆಣ್ಣುಮಗಳು. ಅವಳು ನಿಲ್ಲಬೇಕಾಗಿದ್ದುದು ಅಮೆರಿಕದಲ್ಲಲ್ಲ, ಸುಯೆಜ್ ಕಾಲುವೆಯ ದಕ್ಷಿಣದ ಬಾಯಿಯಲ್ಲಿ. ಅವಳಿಗೆ ಇಡಬೇಕೆಂದಿದ್ದ ಹೆಸರು ‘ಏಷ್ಯಾಕ್ಕೆ ಬೆಳಕು ತರುತ್ತಿರುವ ಈಜಿಪ್ಟ್’. ಚಿತ್ರ ಬರೆದಾತ ಮಾತ್ರ ಅದೇ ಶಿಲ್ಪಿ, ಫ್ರೆಡರಿಕ್ ಆಗುಸ್ತ್ ಬಾರ್ತೊಲ್ಡಿ. ಈ ವಸ್ತುಸಂಗ್ರಹಾಲಯ ಆತ 1834ರಲ್ಲಿ ಹುಟ್ಟಿದ ಮನೆ.

ಸ್ಮಾರಕ ಎದ್ದು ನಿಂತ ಮೇಲೆ ಅದರ ಕರಡು ಚಿತ್ರಗಳನ್ನು ನೋಡುವವರು ವಿರಳ. ಕಟ್ಟಡ ಮುಗಿದ ಮೇಲೆ ಸಾರವೆ ಬಿಚ್ಚಿದ ಹಾಗೆ ಅವನ್ನು ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಆದರೆ ಕಲ್ಲು, ಕಂಚು, ತಾಮ್ರ ಹೇಳದ ಸಂಗತಿಯನ್ನು ಕಾಗದ ಹೇಳುತ್ತದೆ. ಶಿಲ್ಪಿ ಮೊದಲು ಏನು ಹೇಳಲು ಹೊರಟಿದ್ದ, ಯಾರ ಒತ್ತಡಕ್ಕೆ ಏನನ್ನು ಬದಲಿಸಿದ, ಯಾವುದನ್ನು ಮರೆಗೆ ಸರಿಸಿದ ಎಂಬುದಕ್ಕೆ ಅದೇ ಸಾಕ್ಷಿ. ರೂಪಕ ಮೂರ್ತಿಗಳ ವಿಷಯದಲ್ಲಂತೂ ಇದು ಇನ್ನೂ ನಿಜ.

ರೂಪಕ ಮೂರ್ತಿಯೆಂದರೆ ಒಬ್ಬ ವ್ಯಕ್ತಿಯ ಪ್ರತಿಮೆಯಲ್ಲ; ಒಂದು ಭಾವನೆಗೋ ದೇಶಕ್ಕೋ ಕೊಟ್ಟ ಮನುಷ್ಯರೂಪ. ಕಣ್ಣಿಗೆ ಬಟ್ಟೆ ಕಟ್ಟಿ ತಕ್ಕಡಿ ಹಿಡಿದ ನ್ಯಾಯದೇವತೆಯನ್ನು ನಾವೆಲ್ಲ ಕಂಡಿದ್ದೇವೆ. 2025ರ ಜನವರಿಯಲ್ಲಿ ವಿಧಾನಸೌಧದ ಆವರಣದಲ್ಲಿ ಅನಾವರಣಗೊಂಡ ಕಂಚಿನ ಭುವನೇಶ್ವರಿಯೂ ನಾಡೆಂಬ ಕಲ್ಪನೆಗೆ ಕೊಟ್ಟ ರೂಪವೇ. (ಅದರ ಕರಡುಗಳೂ ಎಲ್ಲಾದರೂ ಜೋಪಾನವಾಗಿರಲಿ.) ಗಾಂಧಿ ಪ್ರತಿಮೆಗೆ ಗಾಂಧಿಯ ಮುಖವೇ ಬೇಕು. ಸ್ವಾತಂತ್ರ್ಯದ ಮುಖ ಹೇಗಿರುತ್ತದೆಂದು ಕಂಡವರಾರು? ಹಾಗಾಗಿ ಇಲ್ಲಿ ಅರ್ಥವೆಲ್ಲ ನಿಂತಿರುವುದು ಕೈಯಲ್ಲಿ ಏನಿದೆ, ತಲೆಯ ಮೇಲೆ ಏನಿದೆ, ಕಾಲಡಿ ಏನಿದೆ ಎಂಬುದರ ಮೇಲೆ. ಒಂದು ವಸ್ತು ಬದಲಾದರೆ ಅರ್ಥವೂ ಬದಲಾಗುತ್ತದೆ.

ಫೆಲ್ಲಾ ಹೆಣ್ಣುಮಗಳು

ಬಾರ್ತೊಲ್ಡಿ ಮೊದಲ ಸಲ ಈಜಿಪ್ಟ್ ಕಂಡದ್ದು 1855-56ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ. ಚಿತ್ರಕಾರ ಜೆರೋಮ್ ಮತ್ತಿತರ ಗೆಳೆಯರ ಜತೆ ನೈಲ್ ನದಿಯ ಮೇಲೆ ಸಾಗಿ, ಸಾವಿರಾರು ವರ್ಷಗಳಿಂದ ಕುಳಿತೇ ಇರುವ ಫೆರೋಗಳ ಬೃಹತ್ ಶಿಲಾಮೂರ್ತಿಗಳನ್ನು ನೋಡಿದ. ದೊಡ್ಡ ಮೂರ್ತಿಗಳ ಹುಚ್ಚು ಹತ್ತಿದ್ದು ಅಲ್ಲಿಯೇ. ಜತೆಗೆ ರಾಶಿ ರಾಶಿ ಫೋಟೊ, ರೇಖಾಚಿತ್ರಗಳನ್ನೂ ತಂದ. ಅವುಗಳಲ್ಲಿ ಊರಿನ ಸಾಮಾನ್ಯ ಜನರೂ ಇದ್ದರು.

ಹತ್ತು ಹನ್ನೆರಡು ವರ್ಷಗಳ ನಂತರ ಆ ನೆನಪಿಗೆ ಕೆಲಸ ಸಿಕ್ಕಿತು. ಫರ್ಡಿನಾಂಡ್ ದ ಲೆಸೆಪ್ಸ್‌ನ ಕಂಪನಿ ತೋಡುತ್ತಿದ್ದ ಸುಯೆಜ್ ಕಾಲುವೆ ಮುಗಿಯುತ್ತ ಬಂದಿತ್ತು. ಕಾಲುವೆಯ ಬಾಯಿಗೆ ದೀಪಸ್ತಂಭ ಬೇಕು. ಅದು ಬರಿಯ ಕಂಬ ಏಕಾಗಬೇಕು, ಮೂರ್ತಿಯೇ ದೀಪ ಹಿಡಿಯಲಿ ಎಂಬುದು ಬಾರ್ತೊಲ್ಡಿಯ ಯೋಚನೆ. ಸುಮಾರು 86 ಅಡಿಯ ಮೂರ್ತಿ, ಅದಕ್ಕೆ 48 ಅಡಿಯ ಪೀಠ. 1869ರಲ್ಲಿ ಚಿತ್ರಗಳನ್ನೂ ಮಾದರಿಯನ್ನೂ ಹೊತ್ತುಕೊಂಡು ಈಜಿಪ್ಟಿನ ದೊರೆ ಇಸ್ಮಾಯಿಲ್ ಪಾಷಾನ ಮುಂದೆ ಹೋಗಿ ನಿಂತ.

ಅವನ ಚಿತ್ರದ ಹೆಂಗಸು ರಾಣಿಯಲ್ಲ, ದೇವತೆಯೂ ಅಲ್ಲ. ಅಲ್ಲಿನ ಬೇಸಾಯಗಾರರನ್ನು ‘ಫೆಲ್ಲಾ’ ಎನ್ನುತ್ತಾರೆ. ಇವಳು ಫೆಲ್ಲಾ ಹೆಣ್ಣು. ಕಾಗದದ ಮೇಲೆ ನೋಡಲು ಸೊಗಸಾದ ಕಲ್ಪನೆ. ನೆಲದ ಮೇಲಿನ ಕಥೆ ಬೇರೆ. 1859ರಲ್ಲಿ ಕೆಲಸ ಶುರುವಾದ ಈ ಕಾಲುವೆಯ ಮೊದಲ ಹಂತವನ್ನು ಅಗೆದವರು ಇದೇ ಫೆಲ್ಲಾಗಳು, ಅದೂ ಬಿಟ್ಟಿ ಚಾಕರಿಯ ಪದ್ಧತಿಯಲ್ಲಿ. ಸರ್ಕಾರವೇ ಊರೂರಿನಿಂದ ಜನರನ್ನು ಹಿಡಿದು ತಂದು ಮರಳುಗಾಡಿಗೆ ಅಟ್ಟುತ್ತಿತ್ತು. ಕೆಲಸ ಜೋರಾಗಿದ್ದಾಗ ತಿಂಗಳಿಗೆ ಇಪ್ಪತ್ತು ಸಾವಿರದಷ್ಟು ಮಂದಿ. ಒಂದು ತಂಡ ಊರಿಗೆ ಮರಳುವಷ್ಟರಲ್ಲಿ ಇನ್ನೊಂದು ತಂಡ ದಾರಿಯಲ್ಲಿ. ಹೊಲ ಉಳುವವರಿಲ್ಲದೆ ಬೀಳು ಬೀಳುತ್ತಿತ್ತು. ಇಸ್ಮಾಯಿಲ್ ಪಟ್ಟಕ್ಕೆ ಬಂದ ಮೇಲೆ ಈ ಪದ್ಧತಿ ನಿಂತಿತು. ಆದರೆ ನಿಲ್ಲಿಸಿದ್ದಕ್ಕೂ ದಂಡ ತೆರಬೇಕಾಯಿತು! ಪಂಚಾಯಿತಿಗೆ ಕುಳಿತ ಫ್ರಾನ್ಸ್‌ನ ಚಕ್ರವರ್ತಿ ಮೂರನೆಯ ನೆಪೋಲಿಯನ್, ಬಿಟ್ಟಿ ಆಳುಗಳು ತಪ್ಪಿದ್ದು ಮತ್ತು ಜಮೀನು ಕೈಬಿಟ್ಟದ್ದು ಮುಂತಾದ ನಷ್ಟಕ್ಕಾಗಿ ಈಜಿಪ್ಟ್ ಕಂಪನಿಗೆ 8.4 ಕೋಟಿ ಫ್ರಾಂಕ್ ಕೊಡಬೇಕೆಂದು 1864ರಲ್ಲಿ ತೀರ್ಪಿತ್ತ.

ಕೊರಳಿಗೆ ಸಾಲ ಸುತ್ತಿಕೊಂಡಿದ್ದ ಇಸ್ಮಾಯಿಲ್‌ಗೆ ಬಾರ್ತೊಲ್ಡಿಯ ಮೂರ್ತಿ ದುಬಾರಿ ಎನಿಸಿತು. ಲೆಸೆಪ್ಸ್ ಕೂಡ ಉತ್ಸಾಹ ತೋರಲಿಲ್ಲ. 1869ರ ನವೆಂಬರ್ 17ರಂದು ಕಾಲುವೆ ವೈಭವದಿಂದ ಉದ್ಘಾಟನೆಯಾಯಿತು. ದೀಪ ಹಿಡಿದ ಹೆಣ್ಣು ಅಲ್ಲಿರಲಿಲ್ಲ. ಉತ್ತರದ ಬಾಯಿಯಾದ ಪೋರ್ಟ್ ಸಯೀದ್‌ನಲ್ಲಿ ಎಂಟು ಮೂಲೆಯ ಕಾಂಕ್ರೀಟ್ ದೀಪಸ್ತಂಭವೊಂದು ಎದ್ದಿತು, ಅಷ್ಟೆ. 1875ರಲ್ಲಿ ಇಸ್ಮಾಯಿಲ್ ಕಾಲುವೆಯ ತನ್ನ ಷೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿದ. 1882ರಲ್ಲಿ ಬ್ರಿಟಿಷ್ ಸೇನೆಯೇ ಬಂದು ಕುಳಿತಿತು. ಬೆಳಕು ತರಬೇಕಾಗಿದ್ದ ಈಜಿಪ್ಟ್ ಪರಾಧೀನವಾಯಿತು.

ಹೊಸ ಹೆಸರು, ಹಳೆಯ ನಿಲುವು

1871ರ ಜೂನ್‌ನಲ್ಲಿ ಬಾರ್ತೊಲ್ಡಿ ನ್ಯೂಯಾರ್ಕ್‌ಗೆ ಹಡಗಿನಲ್ಲಿ ಬಂದಿಳಿದ. ಈ ನಡುವೆ ಅವನ ಬದುಕು ತಲೆಕೆಳಗಾಗಿತ್ತು. ಪ್ರಷ್ಯಾದೊಡನೆ ನಡೆದ ಯುದ್ಧದಲ್ಲಿ ಫ್ರಾನ್ಸ್ ಸೋತು, ಹುಟ್ಟೂರು ಕೊಲ್ಮಾರ್ ಸೇರಿದಂತೆ ಅಲ್ಸೇಸ್ ಪ್ರಾಂತ್ಯ ಜರ್ಮನಿಯ ಪಾಲಾಗಿತ್ತು. ಪ್ಯಾರಿಸ್‌ನಲ್ಲಿ ಕಮ್ಯೂನ್ ದಂಗೆ ಎದ್ದು, ಮೇ ಕೊನೆಯ ವಾರದಲ್ಲಿ ರಕ್ತದಲ್ಲಿ ಮುಳುಗಿತ್ತು. ಅವನ ಜೇಬಿನಲ್ಲಿದ್ದುದು ಎದ್ವಾರ್ ಲಬೂಲೇ ಕೊಟ್ಟ ಪರಿಚಯ ಪತ್ರಗಳು. ಲಬೂಲೇ ಕಾನೂನು ಪಂಡಿತ, ಅಮೆರಿಕದ ಅಭಿಮಾನಿ, ಫ್ರಾನ್ಸ್‌ನ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷ. ಅಮೆರಿಕದ ಸ್ವಾತಂತ್ರ್ಯದ ನೂರನೆಯ ವರ್ಷಕ್ಕೆ ಫ್ರೆಂಚ್ ಜನತೆಯ ಕಾಣಿಕೆಯಾಗಿ ಒಂದು ಸ್ಮಾರಕ ಎಂಬುದು ಈ ಗುಂಪಿನ ಆಸೆ. ಬಂದರಿನ ನಡುವಿನ ಪುಟ್ಟ ಬೆಡ್ಲೋಸ್ ದ್ವೀಪ ಬಾರ್ತೊಲ್ಡಿಯ ಕಣ್ಣಿಗೆ ಬಿತ್ತು. ಮತ್ತೆ ಜಲವರ್ಣ, ಮತ್ತೆ ನೀರಿನ ನಡುವೆ ಪೀಠ, ಮತ್ತೆ ದೀಪ ಎತ್ತಿದ ಹೆಣ್ಣು.

ಹೆಸರನ್ನೇ ನೋಡಿ. ಮೊದಲಿನದು ‘ಏಷ್ಯಾಕ್ಕೆ ಬೆಳಕು ತರುತ್ತಿರುವ ಈಜಿಪ್ಟ್’. ಈಗಿನದು ‘ಜಗತ್ತನ್ನು ಬೆಳಗುತ್ತಿರುವ ಸ್ವಾತಂತ್ರ್ಯ’. ಇದನ್ನು ಎತ್ತಿ ತೋರಿಸಿದಾಗಲೆಲ್ಲ ಬಾರ್ತೊಲ್ಡಿ ಸಿಡಿಮಿಡಿಗೊಳ್ಳುತ್ತಿದ್ದ. ಎರಡಕ್ಕೂ ಸಂಬಂಧವೇ ಇಲ್ಲ, ಎರಡೂ ದೀಪ ಹಿಡಿದಿವೆ ಎನ್ನುವುದಷ್ಟೇ ಹೋಲಿಕೆ, ದೀಪಸ್ತಂಭವಾಗುವ ಮೂರ್ತಿ ದೀಪ ಎತ್ತದೆ ಇನ್ನೇನು ಮಾಡೀತು ಎಂಬುದು ಅವನ ವಾದ. ಕೊಲ್ಮಾರ್‌ನ ಚಿತ್ರಗಳನ್ನೂ ಮಣ್ಣಿನ ಮಾದರಿಗಳನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದವರಿಗೆ ಈ ವಾದ ಒಪ್ಪಿಗೆಯಾಗುವುದು ಕಷ್ಟ. ಮುಸುಕು ಹೋಗಿ ಮುಕುಟ ಬಂದಿದೆ, ರೈತಳ ಉಡುಪು ರೋಮನ್ ನಿಲುವಂಗಿಯಾಗಿದೆ. ಎತ್ತಿದ ತೋಳು, ನಿಂತ ಜಾಗ, ದೀಪದ ಕಲ್ಪನೆ ಹಾಗೆಯೇ ಇವೆ.

ಇದನ್ನು ಮೋಸವೆನ್ನುವ ಅಗತ್ಯವಿಲ್ಲ. ರೂಪಕ ಮೂರ್ತಿಗಳ ಜಾಯಮಾನವೇ ಅಂಥದು. ನಮ್ಮಲ್ಲಿ ಅವನೀಂದ್ರನಾಥ ಠಾಕೂರರು 1905ರಲ್ಲಿ ಬರೆದ, ಕಾವಿ ಉಟ್ಟ ನಾಲ್ಕು ಕೈಗಳ ಪ್ರಸಿದ್ಧ ‘ಭಾರತಮಾತೆ’ ಕೂಡ ಮೊದಲು ಅವರ ಮನಸ್ಸಿನಲ್ಲಿ ಮೂಡಿದ್ದು ‘ಬಂಗಮಾತೆ’ಯಾಗಿ. ಬಂಗಾಳ ವಿಭಜನೆಯ ವಿರುದ್ಧ ಚಳವಳಿ ಎದ್ದ ಆ ದಿನಗಳಲ್ಲಿ ಪ್ರಾಂತ್ಯದ ತಾಯಿ ದೇಶದ ತಾಯಿಯಾದಳು. ಚಿತ್ರ ಅದೇ, ಹೆಸರು ಬೇರೆ.

ಅಮೆರಿಕದ ಮೂರ್ತಿಯಲ್ಲಿ ಹೆಸರಿಗಿಂತ ದೊಡ್ಡ ಬದಲಾವಣೆ ಆದದ್ದು ಎಡಗೈಯಲ್ಲಿ. 1870ರ ಸುಮಾರಿಗೆ ಮಾಡಿದ ಮೊದಲ ಮಾದರಿಯೊಂದರಲ್ಲಿ ಸ್ವಾತಂತ್ರ್ಯ ದೇವತೆಯ ಬಲಗೈಯಲ್ಲಿ ಪಂಜು, ಎಡಗೈಯಲ್ಲಿ ತುಂಡಾದ ಸರಪಳಿ. ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದು ಐದು ವರ್ಷವಷ್ಟೇ ಆಗಿತ್ತು; ಗುಲಾಮಗಿರಿಯನ್ನು ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿ ಬಂದದ್ದು 1865ರ ಡಿಸೆಂಬರ್‌ನಲ್ಲಿ. ಗುಲಾಮಗಿರಿ ವಿರೋಧಿಗಳ ಗೆಳೆಯನೊಬ್ಬ ಮಾಡಿದ ಮೂರ್ತಿಯ ಕೈಯಲ್ಲಿ ಮುರಿದ ಸರಪಳಿ ಇರುವುದು ಸಹಜವೇ.

ಮುಂದಿನ ಮಾದರಿಗಳಲ್ಲಿ ಆ ಕೈಗೆ ಫಲಕ ಬಂತು. ಅದರ ಮೇಲೆ ರೋಮನ್ ಅಂಕಿಗಳಲ್ಲಿ 1776ರ ಜುಲೈ 4. ಅಂದರೆ ಗುಲಾಮರ ಬಿಡುಗಡೆಯ ಜಾಗದಲ್ಲಿ ದೇಶದ ಸ್ವಾತಂತ್ರ್ಯ ಘೋಷಣೆ. ಸರಪಳಿಯನ್ನು ಶಿಲ್ಪಿ ಪೂರ್ತಿ ಕೈಬಿಡಲಿಲ್ಲ. ಕಾಲಡಿಗೆ, ಉಡುಪಿನ ಅಂಚಿನ ಹತ್ತಿರಕ್ಕೆ ಸರಿಸಿದ. ಕಾರಣ ಊಹಿಸುವುದು ಕಷ್ಟವಲ್ಲ. ಉತ್ತರ ದಕ್ಷಿಣಗಳು ರಾಜಿಯಾಗುತ್ತಿದ್ದ ಕಾಲ. ಪೀಠ ಕಟ್ಟಲು ಅಮೆರಿಕನ್ನರೇ ಹಣ ಕೊಡಬೇಕು. ಹಳೆ ಗಾಯ ಕೆದಕುವ ಮೂರ್ತಿಗೆ ಚಂದಾ ಯಾರು ಕೊಟ್ಟಾರು? ಫ್ರಾನ್ಸ್‌ನಲ್ಲೂ ಇದೇ ಎಚ್ಚರ. ಡೆಲಕ್ರಾ 1830ರಲ್ಲಿ ಚಿತ್ರಿಸಿದ ಸ್ವಾತಂತ್ರ್ಯ ದೇವತೆ ಕೆಂಪು ಟೋಪಿ ತೊಟ್ಟು, ಬಂದೂಕು ಹಿಡಿದು, ಹೆಣಗಳನ್ನು ದಾಟಿ ನುಗ್ಗುತ್ತಾಳೆ. ತಮ್ಮ ದೇವತೆ ಅಂಥವಳಲ್ಲ ಎಂದು ಲಬೂಲೇ 1876ರ ಭಾಷಣದಲ್ಲಿ ಸ್ಪಷ್ಟವಾಗಿಯೇ ಹೇಳಿದ. ಕಮ್ಯೂನ್ ದಂಗೆಯನ್ನು ಕಂಡು ಬೆದರಿದ್ದ ಚಂದಾದಾರರಿಗೆ ಈ ಮಾತು ಹಿತವಾಗಿ ಕೇಳಿರಬೇಕು.

ಟೋಪಿಯ ತಕರಾರು

ಆ ಕೆಂಪು ಟೋಪಿಗೆ ಅಮೆರಿಕದಲ್ಲೇ ಒಂದು ಹಳೆಯ ತಕರಾರಿನ ಚರಿತ್ರೆ ಇದೆ. ಅದೂ ಕರಡು ಹಂತದ್ದೇ ಆದ್ದರಿಂದ ಇಲ್ಲಿ ಹೇಳಬೇಕು.

ಪ್ರಾಚೀನ ರೋಮ್‌ನಲ್ಲಿ ಗುಲಾಮನನ್ನು ಬಿಡುಗಡೆ ಮಾಡುವಾಗ ಅವನ ತಲೆಗೆ ಉಣ್ಣೆಯ ಟೋಪಿ ತೊಡಿಸುತ್ತಿದ್ದರು. ಹಾಗಾಗಿ ಯುರೋಪಿನ ಕಲಾವಿದರಿಗೆ ಸ್ವಾತಂತ್ರ್ಯವೆಂದರೆ ಟೋಪಿ. 1855ರಲ್ಲಿ ವಾಷಿಂಗ್ಟನ್‌ನ ಸಂಸತ್ ಭವನಕ್ಕೆ ಹೊಸ ಗುಮ್ಮಟ ಕಟ್ಟುವಾಗ ಅದರ ತುದಿಗೆ ಸ್ವಾತಂತ್ರ್ಯದ ಮೂರ್ತಿ ಮಾಡುವ ಕೆಲಸ ರೋಮ್‌ನಲ್ಲಿ ನೆಲೆಸಿದ್ದ ಅಮೆರಿಕದ ಶಿಲ್ಪಿ ಥಾಮಸ್ ಕ್ರಾಫರ್ಡ್‌ಗೆ ಸಿಕ್ಕಿತು. ಅವನು ಕಳಿಸಿದ ಮೊದಲ ಕರಡಿನಲ್ಲಿ ತಲೆಗೆ ಗೋಧಿ ತೆನೆ ಮತ್ತು ಲಾರೆಲ್ ಎಲೆಗಳ ಮಾಲೆ. ಎರಡನೆಯದರಲ್ಲಿ ಕೈಗೆ ಕತ್ತಿ, ಗುರಾಣಿ. ತಲೆಗೆ ನಕ್ಷತ್ರಗಳ ಪಟ್ಟಿ ಸುತ್ತಿದ ಟೋಪಿ.

ಕರಡು ಹೋಗಿ ಸೇರಿದ್ದು ಯುದ್ಧ ಮಂತ್ರಿಯ ಮೇಜಿಗೆ. ಸಂಸತ್ ಭವನದ ಕಾಮಗಾರಿ ಆಗ ಅವನ ಇಲಾಖೆಯದು. ಮಂತ್ರಿಯ ಹೆಸರು ಜೆಫರ್ಸನ್ ಡೇವಿಸ್. ಮಿಸಿಸಿಪಿಯಲ್ಲಿ ಹತ್ತಿ ತೋಟ, ತೋಟದ ತುಂಬ ಗುಲಾಮರು. ಈ ಟೋಪಿ ಬಿಡುಗಡೆಯಾದ ಗುಲಾಮನ ಗುರುತು, ನಮ್ಮ ಜನ ಹುಟ್ಟಿನಿಂದಲೇ ಸ್ವತಂತ್ರರು, ಅವರಿಗೆ ಇದು ಸಲ್ಲದು, ಶಿರಸ್ತ್ರಾಣ ಇರಲಿ ಎಂಬುದು ಅವನ ಆಕ್ಷೇಪ. ‘ನಮ್ಮ ಜನ’ ಎನ್ನುವಾಗ ಲಕ್ಷಗಟ್ಟಲೆ ಗುಲಾಮರು ಅವನ ಲೆಕ್ಕದಲ್ಲೇ ಇರಲಿಲ್ಲ. ಕ್ರಾಫರ್ಡ್ ವಾದಿಸದೆ ಟೋಪಿ ತೆಗೆದು ಹದ್ದಿನ ತಲೆ, ಗರಿಗಳ ಶಿರಸ್ತ್ರಾಣ ಇಟ್ಟ. ಇವತ್ತಿಗೂ ಆ ಮೂರ್ತಿಯನ್ನು ಕೆಳಗಿನಿಂದ ನೋಡಿದವರು ರೆಡ್ ಇಂಡಿಯನ್ ಹೆಂಗಸೆಂದು ತಿಳಿಯುವುದುಂಟು. ಒಬ್ಬ ಮಂತ್ರಿಯ ಟಿಪ್ಪಣಿಯ ಫಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಕ್ರಾಫರ್ಡ್ 1857ರಲ್ಲಿ ತೀರಿಕೊಂಡ. ಅವನ ಪ್ಲಾಸ್ಟರ್ ಮಾದರಿ ಹಡಗೇರಿ ವಾಷಿಂಗ್ಟನ್‌ಗೆ ಬಂತು. ಅದನ್ನು ಜೋಡಿಸಿದ ಇಟಲಿಯ ಕೆಲಸಗಾರ, ಎರಕಕ್ಕೆ ಒಯ್ಯಲು ಬಿಚ್ಚಬೇಕಾದಾಗ ಹೆಚ್ಚು ಕೂಲಿ ಕೊಟ್ಟರೆ ಮಾತ್ರ ಸಂದುಗಳು ಎಲ್ಲಿವೆಯೆಂದು ತೋರಿಸುವೆನೆಂದು ಹಟ ಹಿಡಿದ. ಎರಕದ ಕೆಲಸ ವಹಿಸಿಕೊಂಡಿದ್ದ ಕ್ಲಾರ್ಕ್ ಮಿಲ್ಸ್‌ನ ಬಳಿ ಫಿಲಿಪ್ ರೀಡ್ ಎಂಬ ಗುಲಾಮನಿದ್ದ. ಮೂರ್ತಿಯ ನೆತ್ತಿಯ ಮೇಲಿನ ಕಬ್ಬಿಣದ ಬಳೆಗೆ ರಾಟೆಯ ಹಗ್ಗ ಕಟ್ಟಿ ಮೆಲ್ಲಗೆ ಮೇಲೆಳೆದರೆ ಸಂದುಗಳು ತಾವಾಗಿಯೇ ಬಾಯಿ ಬಿಡುತ್ತವೆಂದು ರೀಡ್ ತೋರಿಸಿಕೊಟ್ಟ. ಕುಲುಮೆಯಲ್ಲೂ ದುಡಿದ. ವಾರದ ಆರು ದಿನದ ಕೂಲಿ ಧಣಿಗೆ. ಭಾನುವಾರದ್ದು ಮಾತ್ರ ತನಗೆ, ದಿನಕ್ಕೆ 1.25 ಡಾಲರ್. 1862ರ ಏಪ್ರಿಲ್‌ನಲ್ಲಿ ರಾಜಧಾನಿಯ ಗುಲಾಮರಿಗೆ ಬಿಡುಗಡೆಯಾದಾಗ ಅವನೂ ಸ್ವತಂತ್ರನಾದ. 1863ರ ಡಿಸೆಂಬರ್ 2ರಂದು ಮೂರ್ತಿಯ ಕೊನೆಯ ಭಾಗ ಗುಮ್ಮಟದ ಮೇಲೇರಿದಾಗ ಜೆಫರ್ಸನ್ ಡೇವಿಸ್ ದಂಗೆಯೆದ್ದ ದಕ್ಷಿಣ ರಾಜ್ಯಗಳ ಅಧ್ಯಕ್ಷನಾಗಿದ್ದ. ಟೋಪಿ ಬೇಡವೆಂದವನು ಶತ್ರು ಪಾಳೆಯದಲ್ಲಿ. ಮೂರ್ತಿ ಎರಕ ಹೊಯ್ದವನ ತಲೆಗೆ ಆ ಟೋಪಿಯ ಅರ್ಹತೆ.

ಕ್ರಾಫರ್ಡ್‌ನ ಪ್ಲಾಸ್ಟರ್ ಮಾದರಿಯನ್ನು ಈಗ ಸಂಸತ್ ಭವನದ ಸಂದರ್ಶಕರ ಕೇಂದ್ರದಲ್ಲಿ ಇಟ್ಟಿದ್ದಾರೆ. ಗುಮ್ಮಟದ ಮೇಲಿನ ಮೂರ್ತಿಯನ್ನು ಕಾಣದವರು ಅದರ ಕರಡನ್ನು ಹತ್ತಿರದಿಂದ ಕಾಣಬಹುದು. ಸಭಾಂಗಣದ ಹೆಸರು ‘ವಿಮೋಚನಾ ಸಭಾಂಗಣ’.

ಕೆಂಪು ಶಾಯಿಯ ಗೆರೆ

ಮತ್ತೆ ಬಾರ್ತೊಲ್ಡಿಗೆ ಬರೋಣ. ಅವನು ಕೈಯಲ್ಲಿ ತಿದ್ದಿದ ನಾಲ್ಕಡಿಯ ಮಾದರಿ 151 ಅಡಿಯ ಮೂರ್ತಿಯಾದದ್ದು ಹಂತ ಹಂತವಾಗಿ. ಮೊದಲು ಒಂಬತ್ತು ಅಡಿ, ಆಮೇಲೆ 36 ಅಡಿ, ಆಮೇಲೆ ಅದನ್ನು ತುಂಡು ತುಂಡಾಗಿ ನಾಲ್ಕು ಪಟ್ಟು ಹಿಗ್ಗಿಸಿ ಪೂರ್ಣ ಅಳತೆಯ ಪ್ಲಾಸ್ಟರ್. ಪ್ರತಿ ತುಂಡಿಗೂ ಸಾವಿರಾರು ಬಿಂದುಗಳ ಅಳತೆ. ಪ್ಲಾಸ್ಟರ್ ಮೇಲೆ ಮರದ ಅಚ್ಚು, ಅಚ್ಚಿಗೆ ತಾಮ್ರದ ತಗಡನ್ನು ಬಡಿದು ಕೂರಿಸುವುದು. ತಗಡಿನ ದಪ್ಪ ಎರಡೂವರೆ ಮಿಲಿಮೀಟರ್ ಕೂಡ ಇಲ್ಲ. ನಮ್ಮಲ್ಲಿ ದೇವರ ಮುಖವಾಡಕ್ಕೆ ಬೆಳ್ಳಿ ತಗಡು ಬಡಿಯುವ ಅಕ್ಕಸಾಲಿಗಳಿಗೆ ಈ ಕೆಲಸ ಹೊಸದೆನಿಸಲಿಕ್ಕಿಲ್ಲ. ಹೊಸದೆನಿಸುವುದು ಗಾತ್ರ ಮಾತ್ರ. ಮೂರ್ತಿ ಸಿದ್ಧವಾಗುವ ಮೊದಲೇ ಅದರ ಪಂಜು ಹಿಡಿದ ಕೈಯನ್ನು 1876ರಲ್ಲಿ ಫಿಲಡೆಲ್ಫಿಯಾದಲ್ಲಿ, ತಲೆಯನ್ನು 1878ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕಿಟ್ಟು ಹಣ ಎತ್ತಿದರು.

ಒಳಗಿನ ಆಧಾರದ ಹೊಣೆ ಮೊದಲು ಹೊತ್ತವನು ವಿಯೊಲೆ ಲ ದುಕ್. ಅವನು 1879ರಲ್ಲಿ ತೀರಿಕೊಂಡ ಮೇಲೆ ಕೆಲಸ ಗುಸ್ತಾವ್ ಐಫೆಲ್‌ಗೆ ಬಂತು. ಐಫೆಲ್ ಗೋಪುರಕ್ಕೆ ಇನ್ನೂ ಹತ್ತು ವರ್ಷ ಇತ್ತು. ಕಬ್ಬಿಣದ ಕಂಬ ನಿಲ್ಲಿಸಿ, ತಗಡನ್ನು ಚರ್ಮದಂತೆ ಅದಕ್ಕೆ ತೂಗುಹಾಕುವುದು ಅವನ ಉಪಾಯ. 1980ರ ದಶಕದ ದುರಸ್ತಿಯ ವೇಳೆ ಎಂಜಿನಿಯರುಗಳಿಗೆ ಒಂದು ಒಗಟು ಎದುರಾಯಿತು. ಎತ್ತಿದ ತೋಳು ಐಫೆಲ್‌ನ ವಿನ್ಯಾಸಕ್ಕೆ ಸರಿಹೊಂದದೆ ಸುಮಾರು ಒಂದೂವರೆ ಅಡಿ ಆಚೀಚೆ ಇತ್ತು. ಜೋಡಿಸುವಾಗಿನ ಎಡವಟ್ಟೇ ಅಥವಾ ಬೇಕೆಂದೇ ಮಾಡಿದ್ದೇ? 2018ರಲ್ಲಿ ಪ್ಯಾರಿಸ್‌ನ ಹರಾಜೊಂದರಲ್ಲಿ ಐಫೆಲ್ ಕಚೇರಿಯ ಮೂಲ ನಕ್ಷೆಗಳ ಕಂತೆ ಮಾರಾಟವಾಯಿತು. 1882ರ ಜುಲೈ 28ರ ತಾರೀಖಿನ ಹಾಳೆಯ ಮೇಲೆ ಕೆಂಪು ಶಾಯಿಯ ತಿದ್ದುಪಡಿ: ತೋಳು ಇನ್ನಷ್ಟು ಹೊರಕ್ಕೆ ವಾಲಿದಂತೆ, ತಲೆಯಿಂದ ದೂರಕ್ಕೆ. ಗೆರೆ ಬಾರ್ತೊಲ್ಡಿಯದ್ದೇ ಇರಬೇಕೆಂಬುದು ಅದನ್ನು ಪರಿಶೀಲಿಸಿದ ಕೆಲವರ ಅಭಿಪ್ರಾಯ. ಹಾಗಿದ್ದರೆ ಗಾಳಿಗೆ ಮೂರ್ತಿಯ ತೋಳು ನಡುಗಲು ಕಾರಣ ಶಿಲ್ಪಿಯ ಕಣ್ಣು, ಎಂಜಿನಿಯರನ ಲೆಕ್ಕವಲ್ಲ.

ಪೀಠದ ಕರಡೂ ಕಿರಿದಾಯಿತು. ವಾಸ್ತುಶಿಲ್ಪಿ ರಿಚರ್ಡ್ ಮಾರಿಸ್ ಹಂಟ್ ಮೊದಲು ಬರೆದದ್ದು 114 ಅಡಿ. ಹಣ ಸಾಲದೆ 89 ಅಡಿಗೆ ಇಳಿಯಿತು. ಅದೂ ನಿಂತದ್ದು ಪತ್ರಿಕಾ ಸಂಪಾದಕ ಜೋಸೆಫ್ ಪುಲಿಟ್ಜರ್ ತನ್ನ ಪತ್ರಿಕೆಯಲ್ಲಿ ಚಂದಾ ಎತ್ತಿ, ಒಂದು ಲಕ್ಷಕ್ಕೂ ಮಿಕ್ಕಿದ ಜನ ಪುಡಿಗಾಸು ಕೂಡಿಸಿದ ಮೇಲೆ. ಕೊಟ್ಟವರ ಹೆಸರನ್ನೆಲ್ಲ ಪತ್ರಿಕೆ ಅಚ್ಚು ಹಾಕಿತು. ಪ್ರಸಾರವೂ ಏರಿತು ಅನ್ನಿ.

1886ರ ಅಕ್ಟೋಬರ್ 28ರಂದು ಅನಾವರಣ. ಸಮಾರಂಭದ ದ್ವೀಪಕ್ಕೆ ಬೆರಳೆಣಿಕೆಯ ಹೆಂಗಸರಿಗಷ್ಟೇ ಪ್ರವೇಶ. ಮತದಾನದ ಹಕ್ಕಿಗೆ ಹೋರಾಡುತ್ತಿದ್ದ ನ್ಯೂಯಾರ್ಕಿನ ಮಹಿಳೆಯರು ದೋಣಿ ಬಾಡಿಗೆಗೆ ಹಿಡಿದು ಬಂದು, ಮತ ಹಾಕಲು ಹೆಣ್ಣಿಗೆ ಬಿಡದ ದೇಶದಲ್ಲಿ ಸ್ವಾತಂತ್ರ್ಯಕ್ಕೆ ಹೆಣ್ಣಿನ ರೂಪ ಕೊಟ್ಟಿದ್ದೀರಲ್ಲ ಎಂದು ನೀರಿನ ಮೇಲಿನಿಂದಲೇ ಪ್ರತಿಭಟಿಸಿದರು. ಕಪ್ಪು ಜನರ ಪತ್ರಿಕೆ ‘ಕ್ಲೀವ್‌ಲೆಂಡ್ ಗೆಜೆಟ್’ ಇನ್ನೂ ಖಾರವಾಗಿ ಬರೆಯಿತು. ದಕ್ಷಿಣದ ಕಪ್ಪು ಮನುಷ್ಯ ಅಂಜಿಕೆಯಿಲ್ಲದೆ ದುಡಿದು ಬದುಕುವ ತನಕ ಆ ಪಂಜನ್ನು ಹಚ್ಚುವುದೇ ಬೇಡ ಎಂಬುದು ಅದರ ಮಾತಿನ ಸಾರ. ಮೂರ್ತಿಯ ಕೈಯಲ್ಲಿದ್ದ ಸರಪಳಿ ಏಕೆ ಕಾಲಡಿಗೆ ಹೋಯಿತೆಂದು ಆ ಸಂಪಾದಕರಿಗೆ ಯಾರೂ ಹೇಳಬೇಕಾಗಿರಲಿಲ್ಲ.

1903ರಲ್ಲಿ ಎಮ್ಮಾ ಲಜಾರಸ್‌ಳ ಪದ್ಯದ ಫಲಕ ಪೀಠದೊಳಗೆ ಬಂದ ಮೇಲೆ ಮೂರ್ತಿಗೆ ಮೂರನೆಯ ಅರ್ಥ ಅಂಟಿಕೊಂಡಿತು: ವಲಸಿಗರನ್ನು ಬರಮಾಡಿಕೊಳ್ಳುವ ತಾಯಿ. ಬಾರ್ತೊಲ್ಡಿಯ ಯಾವ ಕರಡಿನಲ್ಲೂ ಆ ತಾಯಿ ಇರಲಿಲ್ಲ. ಇವತ್ತು ಹೆಚ್ಚಿನವರಿಗೆ ಗೊತ್ತಿರುವುದು ಅವಳೇ.

ಸರಪಳಿ ಈಗಲೂ ಅಲ್ಲೇ ಇದೆ. ತಾಮ್ರದ ನಿಲುವಂಗಿಯ ಕೆಳಗೆ, ಮುಂದಡಿ ಇಡಲು ಹಿಮ್ಮಡಿ ಎತ್ತಿದ ಬಲಗಾಲಿನ ಪಕ್ಕದಲ್ಲಿ, ತುಂಡಾಗಿ ಬಿದ್ದಿದೆ. ದ್ವೀಪದಲ್ಲಿ ನಿಂತು ಕತ್ತೆತ್ತಿ ನೋಡುವವರಿಗೆ ಪೀಠದ ಅಂಚು ಅಡ್ಡ ಬರುತ್ತದೆ. ಅದನ್ನು ಸರಿಯಾಗಿ ಕಾಣಬೇಕಾದರೆ ಹೆಲಿಕಾಪ್ಟರ್ ಏರಬೇಕು.